ಜ್ಞಾನದೇವಣ್ಣನ ಪಾಳಿ

ಮಾನ್ಯ ಅಧ್ಯಕ್ಷರೇ, ಮಾನ್ಯ ಉಪಾಧ್ಯಕ್ಷರೇ, ಕಾರ್ಖಾನೆಯ ಆಡಳಿತ ಮಂಡಳಿಯ ಘನತೆವೆತ್ತ ನಿರ್ದೇಶಕರೇ, ತಮ್ಮ ಅಮೂಲ್ಯ ವೇಳೆಯನ್ನು ಬದಿಗಿಟ್ಟು ಈ ಬಡ ಆಫೀಸಿನ ಅಂಗಳಕ್ಕೆ ದಯಮಾಡಿಸಿರುವ ಗಣ್ಯಾತಿಗಣ್ಯರೇ — ತಮ್ಮೆಲ್ಲರ ಪಾದಗಳಿಗೆ ನನ್ನ ನಮಸ್ಕಾರ.

ನಗಬೇಡಿರಿ. ಮುಂದಿನ ಸಾಲಿನ ಕುರ್ಚಿಗಳಿಗೆ ಬಿಳಿ ಬಟ್ಟೆ ಹೊದಿಸಿದ್ದೇವೆ. ಒಂದೊಂದರ ಮುಂದೆಯೂ ನೀರಿನ ಬಾಟಲಿ ಇಟ್ಟಿದ್ದೇವೆ. ಕುರ್ಚಿಯ ಮೇಲೆ ಮನುಷ್ಯರಿಲ್ಲ ಎಂಬುದೊಂದೇ ಕೊರತೆ. ಬೆಳಗಿನಿಂದ "ಅಧ್ಯಕ್ಷ ಸಾಹೇಬರು ಹೊರಟರು, ಹೊರಟರು" ಎಂದು ಫೋನು ಬರುತ್ತಿದೆ. ಬಂದ ಮೇಲೆ ಈ ಸ್ವಾಗತವನ್ನು ಇನ್ನೊಮ್ಮೆ ಹೇಳುವ ತ್ರಾಣ ನನಗಿಲ್ಲ. ಅದಕ್ಕೇ ಬಂದಿದ್ದಾರೆಂದು ತಿಳಿದು ಮುಗಿಸಿಬಿಟ್ಟೆ. ಬಾರದವರಿಗೆ ಭಾರೀ ಮಾನ, ಬಂದವರಿಗೆ ಬರೀ ನಮಸ್ಕಾರ — ನಮ್ಮ ಕಡೆಯ ಸಭೆಗಳೆಲ್ಲ ಹೀಗೇ ಅಲ್ಲವೇ?

ಇನ್ನು ನಿಜವಾಗಿ ಬಂದವರು. ಜ್ಞಾನದೇವಣ್ಣನ ಪತ್ನಿ ಸುಂದರಾ ವೈನಿಯವರೇ, ಮಗಳು ನೀಲಮ, ಸಭಾಪಾಲಕರಾದ ವಿಕ್ರಾಂತ ಅಯ್ಯನವರೇ, ಚರ್ಚಿನ ಅಕ್ಕಂದಿರೇ, ಅಣ್ಣಂದಿರೇ, ಭಾವುಸಾಹೇಬರೇ, ಜಿನ್ನಪ್ಪ ಕಾಕಾ, ಎಲ್ಲ ಕಬ್ಬು ಬೆಳೆಗಾರರೇ, ಹಿಂದೆ ಬೇವಿನ ಗಿಡದ ನೆರಳಿಗೆ ಕುಳಿತ ಕಟಾವಿನ ಗ್ಯಾಂಗಿನವರೇ — ನಮಸ್ಕಾರ. ತ್ರೀಫೇಸ್ ಕರೆಂಟು ಬಂತೆಂದರೆ ನಿಮ್ಮಲ್ಲಿ ಅರ್ಧ ಮಂದಿ ಮೋಟಾರು ಚಾಲೂ ಮಾಡಲು ಎದ್ದು ಹೋಗುತ್ತೀರಿ. ಗೊತ್ತಿದೆ. ಸದ್ದು ಮಾಡದೆ ಹೋಗಿರಿ. ಜ್ಞಾನದೇವಣ್ಣ ಇದ್ದಿದ್ದರೆ ಅವರೂ ಹೋಗಿ ಎಂದೇ ಹೇಳುತ್ತಿದ್ದರು.

ನನ್ನ ಹೆಸರು ಅಮೋಘಸಿದ್ದ. ಮಂಗಸೂಳಿಯ ಈ ಕಬ್ಬಿನ ಆಫೀಸಿನಲ್ಲಿ ನಾವಿಬ್ಬರೇ ಫೀಲ್ಡ್‌ಮನ್ನರು — ಜ್ಞಾನದೇವಣ್ಣ ಮತ್ತು ನಾನು. ಯಾರ ಕಬ್ಬು ಯಾವಾಗ ಕಡಿಯಬೇಕೆಂದು ಪಾಳಿ ಹಚ್ಚುವುದು, ಪಾಳಿ ಬಂದವರಿಗೆ ಕಟಾವಿನ ಚೀಟಿ ಕೊಡುವುದು, ಪಾಳಿ ಬಾರದವರಿಂದ ಬೈಸಿಕೊಳ್ಳುವುದು — ಇದು ನಮ್ಮ ನೌಕರಿ. ದಿನದ ಹೆಚ್ಚು ಹೊತ್ತು ಕೊನೆಯ ಕೆಲಸಕ್ಕೇ ಹೋಗುತ್ತದೆ. ನಾನು ಕನ್ನಡದಲ್ಲಿ ಬಿ.ಎ. ಮಾಡಿದವನು. ನೌಕರಿ ಕಬ್ಬಿನದಾದರೂ ಚಟ ಪ್ರಾಸದ್ದು. ಒಮ್ಮೆ ಆಫೀಸಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಹಚ್ಚಿದ್ದೆ: "ಪಾಳಿ ಬರುವತನಕ ತಾಳಿ, ಕೂಗಾಡಿದರೆ ಬರೀ ಗಾಳಿ." ಜ್ಞಾನದೇವಣ್ಣ ಕನ್ನಡಕ ಏರಿಸಿ ಓದಿದರು. "ಅಮೋಘಾ, ಇದನ್ನ ಓದಿದ ಮ್ಯಾಲೆ ಮಂದಿಗಿ ಇನ್ನಷ್ಟು ಸಿಟ್ಟು ಬರ್ತೈತಲ್ಲೋ" ಎಂದರು. ಬಂತು. ಮಧ್ಯಾಹ್ನದೊಳಗೆ ಯಾರೋ ಹರಿದು ಹಾಕಿದರು. ಯಾರೆಂದು ನನಗೆ ಗೊತ್ತು. ಜಿನ್ನಪ್ಪ ಕಾಕಾ, ಆ ಕಡೆ ನೋಡಬೇಡಿರಿ.

ಇವತ್ತು ಮಾತನಾಡಲು ನನಗೆ ಮನಸ್ಸಿರಲಿಲ್ಲ. ಕಟಾವಿನ ಹಂಗಾಮು ಜೋರಾಗಿದೆ. ಅವರ ಪಾಲಿನ ಹಳ್ಳಿಗಳೂ ಈಗ ನನ್ನ ತಲೆಯ ಮೇಲೆ ಬಿದ್ದಿವೆ. ನಿದ್ದೆಯಿಲ್ಲ, ಧ್ವನಿ ಬಿದ್ದುಹೋಗಿದೆ, ಫೋನು ಮಾತ್ರ ಬೀಳುವುದಿಲ್ಲ. ಆದರೂ ಮೈಕಿನ ಮುಂದೆ ನಿಂತಿದ್ದೇನೆ. ಯಾಕೆಂದರೆ ವೈನಿ ನನಗೊಂದು ಮಾತು ಕೇಳಿದ್ದಾರೆ, ನಾನು ಉತ್ತರ ಕೊಡಬೇಕು.

ಹೇಳುತ್ತೇನೆ. ಅಣ್ಣ ತೀರಿಕೊಳ್ಳುವ ಹಿಂದಿನ ದಿನ ಶುಕ್ರವಾರ. ಅಂದು ಚರ್ಚಿನಲ್ಲಿ ಅವರಿಗಾಗಿಯೇ ಉಪವಾಸ ಪ್ರಾರ್ಥನೆ ಇಟ್ಟಿದ್ದರು. ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದ ಅಣ್ಣ, ವೈನಿಯವರನ್ನೂ ನೀಲಮಳನ್ನೂ ಒತ್ತಾಯ ಮಾಡಿ ಅಲ್ಲಿಗೆ ಕಳಿಸಿದರು. ಅವರ ಹತ್ತಿರ ನಾನೊಬ್ಬನೇ ಕುಳಿತೆ. ವೈನಿ ಮರಳಿ ಬರುವಷ್ಟರಲ್ಲಿ ಅವರಿಗೆ ಎಚ್ಚರ ತಪ್ಪಿತ್ತು. ಮತ್ತೆ ಕಣ್ಣು ತೆರೆಯಲಿಲ್ಲ. ಅಂದರೆ ಅವರು ಕೊನೆಗೆ ಮಾತನಾಡಿದ್ದು ನನ್ನ ಜೊತೆ.

ಮಣ್ಣು ಮುಗಿಸಿ ಮನೆಗೆ ಬಂದ ದಿನ ವೈನಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ಕೇಳಿದರು — "ಕಡೀಗೆ ಅವರು ಏನಂದ್ರು?"

"ಈಗ ಬ್ಯಾಡ್ರಿ ವೈನಿ" ಎಂದೆ.

"ನನಗ ಚೊಲೋ ಚೊಲೋ ಮಾತು ಬ್ಯಾಡ್ರಿ. ಎಲ್ಲಾರೂ ಅವರ ವಿಶ್ವಾಸ ಭಾಳ ಗಟ್ಟಿ, ಭಾಳ ಗಟ್ಟಿ ಅಂತಾರ. ನಾ ಮೂಲ್ಯಾಗ ಕುಂತು ನಡಗತಿದ್ನಿ. ಅವರಿಗೆ ಅಂಜಿಕಿ ಬರಲೇ ಇಲ್ಲಂದ್ರ ಈ ಮನ್ಯಾಗ ನಾನೊಬ್ಬಾಕಿನ ಅಂಜಿದ್ನಿ ಅಂತಾತು. ಅದನ್ನ ತಡಕೊಳ್ಳಾಕ ನನ್ನ ಕಡಿಂದ ಆಗವಲ್ದು. ಇದ್ದದ್ದು ಇದ್ದಂಗ ಹೇಳ್ರಿ."

"ಸಂತಾಪ ಸಭಾದಾಗ ಹೇಳತೀನ್ರಿ" ಎಂದುಬಿಟ್ಟೆ. ನೂರಾರು ಮಂದಿಯ ನಡುವೆ ಹೇಳುವುದು ಸುಲಭವಾದೀತು ಎಂದುಕೊಂಡಿದ್ದೆ. ಈಗ ಇಲ್ಲಿ ನಿಂತು ನೋಡಿದರೆ ಹಾಗೇನೂ ಕಾಣುವುದಿಲ್ಲ. ಹೇಳುತ್ತೇನೆ ವೈನಿ. ಮೊದಲು ಅವರು ಎಂಥವರಿದ್ದರು ಎಂಬುದನ್ನು ಹೇಳಲು ಬಿಡಿರಿ.

ವಿಕ್ರಾಂತ ಅಯ್ಯನವರು ಈಗ ತಾನೇ ಜ್ಞಾನದೇವಣ್ಣನನ್ನು ತಾಳ್ಮೆಯ ಮೂರ್ತಿ ಎಂದು ಕರೆದರು. ಅಯ್ಯನವರೇ, ನೀವು ಹೊಸಬರು, ಅವರನ್ನು ಭಾನುವಾರ ಮಾತ್ರ ನೋಡಿದ್ದೀರಿ. ನಾನು ಸೋಮವಾರದಿಂದ ಶನಿವಾರದವರೆಗೆ ನೋಡಿದ್ದೇನೆ. ಅವರಿಗೆ ತಾಳ್ಮೆ ಎಂಬುದು ಹುಟ್ಟಿನಿಂದ ಇರಲೇ ಇಲ್ಲ. ಚಹಾ ಆರುವತನಕ ಕಾಯದ ಮನುಷ್ಯ! ಬಿಸಿ ಚಹಾ ಬಾಯಿಗೆ ಹಾಕಿಕೊಂಡು ಹೀಗೆ — ಹೀಗೆ ಕುಣಿಯುತ್ತಿದ್ದರು. ಕಾಗವಾಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದರೆ ಅವರ ಬೈಕಿನ ಹಾರನ್ನು ಮಹಾರಾಷ್ಟ್ರಕ್ಕೆ ಕೇಳುತ್ತಿತ್ತು. ಆ ಟ್ರ್ಯಾಕ್ಟರಿಗೆ ಚೀಟಿ ಕೊಟ್ಟವರು ಅವರೇ. ನಾನು ಹಿಂದೆ ಕುಳಿತು ಅದನ್ನು ನೆನಪಿಸಿದರೆ ನನ್ನ ಮೇಲೂ ಹರಿಹಾಯುತ್ತಿದ್ದರು.

ಇಂಥ ಮನುಷ್ಯ ದಿನವೂ ಕಾಯುವುದನ್ನು ಕಲಿಯುತ್ತಿದ್ದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೆಳಿಗ್ಗೆ ಆಫೀಸಿನ ಬೀಗ ತೆಗೆದ ಮೇಲೆ, ಮೇಜಿನ ಮುಂದೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದರು. ಹೊರಗೆ ಬೆಳೆಗಾರರ ಗದ್ದಲ. ಅವರಲ್ಲೊಬ್ಬ, ಮುರಗೆಪ್ಪ, ಕಿಟಕಿಯಲ್ಲಿ ಹಣಿಕಿ, "ಏ, ಗಪ್ಪ ಕೂಡ್ರಿ, ಸಾಹೇಬ್ರು ದೇವರ ಕಡಿಂದ ಚೀಟಿ ತಗೊಳ್ಳಾಕತ್ತಾರ" ಎಂದು ಕೂಗುತ್ತಿದ್ದ. ಅಣ್ಣ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಒಂದು ದಿನ ಕೇಳಿದೆ, "ದಿನಾ ಅಷ್ಟೊತ್ತು ಏನ ಬೇಡ್ಕೋತೀರಿ ಅಣ್ಣ?"

"ಇವತ್ತರ ಯಾರಿಗೂ ಪೆನ್ನು ಒಗೀಬಾರ್ದು ಅಂತ."

ಹಿಂದಿನ ದಿನ ಮುರಗೆಪ್ಪನಿಗೆ ಪೆನ್ನು ಎಸೆದಿದ್ದರು.

ಅವರದೇ ಕಬ್ಬಿನ ವಿಷಯ ಹೇಳುತ್ತೇನೆ. ಒಂದು ವರ್ಷ ಗ್ಯಾಂಗುಗಳು ಕಡಿಮೆ ಬಂದಿದ್ದವು. ಪಾಳಿ ಹಿಂದೆ ಬಿತ್ತು, ಊರಿನ ಕಬ್ಬೆಲ್ಲ ಹೊಲದಲ್ಲಿ ಬೆಳ್ಳಗೆ ಸೂಲಂಗಿ ಹೂ ಬಿಟ್ಟು ನಿಂತಿತು. ಸೂಲಂಗಿ ಬಿಟ್ಟ ಕಬ್ಬು ತೂಕ ಕಳೆದುಕೊಳ್ಳುತ್ತದೆ. ನಿಮಗೆ ನಾನು ಹೇಳಬೇಕಾಗಿಲ್ಲ. ಜಿನ್ನಪ್ಪ ಕಾಕಾ ಆಫೀಸಿಗೆ ಬಂದವರೇ ಟೇಬಲ್ಲು ಗುದ್ದಿದರು. "ಏ ಜ್ಞಾನದೇವಾ! ನನ್ನ ಹೊಲ ನೋಡಿದವರು ಮದುವಿ ಹಂದರ ಹಾಕೀರೇನು ಅಂತ ಕೇಳಾಕತ್ತಾರ. ಕೊಡತೀಯೋ ಇಲ್ಲೋ ಚೀಟಿ?"

ಅಣ್ಣನ ಕೈ ಪೆನ್ನಿನ ಮೇಲಿತ್ತು. ಆ ಪೆನ್ನನ್ನೇ ನೋಡುತ್ತಿದ್ದೆ — ಈಗ ಹೋಗುತ್ತದೆ, ಈಗ ಹೋಗುತ್ತದೆ ಎಂದು. ಅವರು ಪೆನ್ನು ಕೆಳಗಿಟ್ಟು ಎದ್ದರು, ಕಾಕಾನನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದರು. ಕಾಕಾ, ಆಮೇಲೆ ಏನಾಯಿತು ಎಂದು ನೀವೇ ಊರ ತುಂಬ ಹೇಳಿದ್ದೀರಿ. ಒಂದು ಹೊಲದ ಬದುವಿಗೆ ನಿಲ್ಲಿಸಿದರು. ನಿಮ್ಮ ಹೊಲಕ್ಕಿಂತ ಹೆಚ್ಚು ಸೂಲಂಗಿ ಅಲ್ಲಿತ್ತು.

"ಯಾರದೋ ಇದು, ಪಾಪ?"

"ನಂದ್ರಿ ಕಾಕಾ."

"ಹುಚ್ಚಪ್ಪಾ! ಚೀಟಿ ಬರಿಯೋ ಪೆನ್ನು ನಿನ್ನ ಕಿಸೇದಾಗ ಐತಿ!"

"ಅದಕ್ಕ ಅಂಜತೀನ್ರಿ."

ಜಿನ್ನಪ್ಪ ಕಾಕಾ ಮರುದಿನವೂ ಬಂದು ಬೈದರು. ಒಂದು ಹೊಲ ನೋಡಿದ ಮಾತ್ರಕ್ಕೆ ಯಾರೂ ಬದಲಾಗುವುದಿಲ್ಲ. ಆದರೆ ಬೈಯುವ ಮೊದಲು ಕುಳಿತುಕೊಂಡರು, ನೀರು ಕುಡಿದರು. ನಮ್ಮ ಆಫೀಸಿನಲ್ಲಿ ಅಷ್ಟಾದರೆ ದೊಡ್ಡದು.

ಆಮೇಲೆ ಅಣ್ಣನ ಎರಡೂ ಕಿಡ್ನಿ ಕೈಕೊಟ್ಟವು. ಕಾಲು ಬಾತವು, ಮುಖ ಬಾತಿತು, ಮಿರಜಕ್ಕೆ ತೋರಿಸಿದರು. ದಿನ ಬಿಟ್ಟು ದಿನ ಡಯಾಲಿಸಿಸ್. ಬೇರೆ ಕಿಡ್ನಿ ಹಾಕಬೇಕು ಎಂದರು. ವೈನಿ ನನ್ನದು ತಗೊಳ್ರಿ ಎಂದರು. ಅವರಿಗೆ ಸಕ್ಕರೆ ಕಾಯಿಲೆ, ಬರುವುದಿಲ್ಲ ಎಂದಾಯಿತು. ನೀಲಮ ಕೊಡುತ್ತೇನೆಂದಳು, ಅಣ್ಣ ಸುತರಾಂ ಒಪ್ಪಲಿಲ್ಲ. ಕೊನೆಗೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿದರು. ಯಾರಾದರೂ ತೀರಿಕೊಂಡು, ಅವರ ಮನೆಯವರು ಒಪ್ಪಿ, ಆ ಕಿಡ್ನಿ ಇವರಿಗೆ ಹೊಂದಿ, ಇವರ ಪಾಳಿಯೂ ಬಂದಿದ್ದರೆ ಫೋನು ಮಾಡುತ್ತಾರಂತೆ.

ಊರಿಗೆಲ್ಲ ಪಾಳಿ ಹಚ್ಚಿದವರು ಈಗ ತಾವೇ ಒಂದು ಪಾಳಿಯಲ್ಲಿ ನಿಂತರು. ಎಲ್ಲಿ ನಿಂತಿದ್ದೇವೆಂಬುದು ಅವರಿಗೆ ಕಾಣಿಸುತ್ತಿರಲಿಲ್ಲ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ — ಏನೂ ತಿಳಿಯದು.

ಎಷ್ಟೋ ಸಲ ನಾನೇ ಬೈಕಿನ ಮೇಲೆ ಮಿರಜಕ್ಕೆ ಕರೆದುಕೊಂಡು ಹೋದೆ. ಕೈಗೆ ನಳಿಕೆ ಹಾಕಿ ಮಲಗಿಸಿದ ಮೇಲೆ ಅವರ ಫೋನು ಸುರುವಾಗುತ್ತಿತ್ತು. ನೀವೇ ಮಾಡುತ್ತಿದ್ದಿರಿ. "ನಮ್ಮ ಪಾಳಿ ಯಾವಾಗ್ರಿ?" ಅಲ್ಲಿನ ಸಿಸ್ಟರು ಮರಾಠಿಯಲ್ಲಿ ಗದರಿಸುತ್ತಿದ್ದರು, ಫೋನು ಕಸಿದುಕೊಳ್ಳುತ್ತಿದ್ದರು. ಅಣ್ಣ ಗೋಗರೆದು ಮತ್ತೆ ಇಸಿದುಕೊಳ್ಳುತ್ತಿದ್ದರು. ಒಮ್ಮೆ ನಾನೇ ರೇಗಿದೆ. "ಸಾಯಾಕ ಬಿದ್ದೀರಿ, ಇನ್ನೂ ಅವರ ಕಬ್ಬಿನ ಚಿಂತಿ ನಿಮಗ್ಯಾಕ ಬೇಕಣ್ಣ?"

"ಕಾಯಾಕತ್ತವರಿಗೆ ಯಾರರ ಫೋನ್ ಎತ್ತಬೇಕಲ್ಲೋ ಅಮೋಘಾ. ಎತ್ತಲಿಲ್ಲಂದ್ರ ಎಷ್ಟು ಅಂಜಿಕಿ ಬರ್ತೈತಿ ಅಂತ ನನಗ ಈಗ ತಿಳಿಯಾಕತ್ತೈತಿ."

ಕಾಯಿಲೆ ಬಂದ ಮೇಲೆ ಅವರು ಅಂಜಿಕೆ ಎಂಬ ಮಾತು ಮೊದಲು ಆಡಿದ್ದು ಅಂದು. ನಾನು ಅದನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಭಾವುಸಾಹೇಬರ ವಿಷಯ. ಸಾಹೇಬರು ಇಲ್ಲೇ ಇದ್ದಾರೆ, ಅವರ ಮುಂದೆಯೇ ಹೇಳುತ್ತೇನೆ. ನಮ್ಮ ಭಾಗದಲ್ಲಿ ಸಾಹೇಬರ ಒಂದು ಮಾತಿಗೆ ಏನೇನಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ನಿಂತ ಬಸ್ಸು ಹೊರಡುತ್ತದೆ, ಹೊರಟ ಬಸ್ಸು ನಿಲ್ಲುತ್ತದೆ. ಅವರು ಒಂದು ಸಂಜೆ ಹಣ್ಣು ತೆಗೆದುಕೊಂಡು ಅಣ್ಣನ ಮನೆಗೆ ಬಂದರು. ನಾನೂ ಇದ್ದೆ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಅದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

"ಅರೇ ಜ್ಞಾನದೇವ, ಕಾಯ್ ಹೇ, ಏನಿದು! ಹಿಂಗ ಕುಂತ್ರ ಹೆಂಗ?" ಎಂದರು. "ಮುಂಬೈನ್ಯಾಗ ನಮ್ಮ ಪರಿಚಯದವರು ಅದಾರ. ಒಂದ ಫೋನ್ ಮಾಡತೀನಿ, ನಿನ್ನ ನಂಬರ್ ಮುಂದ ಬರ್ತೈತಿ. ನೀ ಬರೇ ಹೂಂ ಅನ್ನು."

ಹಾಗೆಲ್ಲ ಆಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸಾಹೇಬರಿಗೂ ಗೊತ್ತಿರಲಿಲ್ಲವೇನೋ. ಆದರೆ ಆ ಕೋಣೆಯಲ್ಲಿದ್ದ ನಾವೆಲ್ಲ ಆಗುತ್ತದೆ ಎಂದೇ ನಂಬಿದೆವು. ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ನೀಲಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಣ್ಣ ಸಾಹೇಬರು ತಂದ ಹಣ್ಣನ್ನು ಪಕ್ಕಕ್ಕೆ ಸರಿಸಿದರು.

ಆಮೇಲೆ ಎಂದರು — "ಸಾಹೇಬ್ರ, ನನ್ನ ಮುಂದ ಯಾರ ನಿಂತಾರ ಅಂತ ನನಗ ಗೊತ್ತಿಲ್ರಿ. ಅಂವ ಜಿನ್ನಪ್ಪ ಕಾಕಾ ಆಗಿದ್ರ ಬೈತಿದ್ದ, ನಾ ಬೈಸಿಕೋತಿದ್ನಿ. ಮುಖಾನ ನೋಡದವನ ಪಾಳಿ ಹೆಂಗ ಕಸಗೊಳ್ಳಲ್ರಿ? ದೇವರ ಚಿತ್ತ ಇದ್ದಂಗ ಆಗಲಿ ಬಿಡ್ರಿ."

ಸಾಹೇಬರು ತಲೆ ಅಲ್ಲಾಡಿಸಿದರು. "ಹುಚ್ಚ ಅದಿ ನೀ. ಮನಸ್ಸು ಬದಲಾತಂದ್ರ ಯಾವಾಗ ಬೇಕಾದ್ರೂ ಫೋನ್ ಮಾಡು" ಎಂದು ಹೇಳಿ ಹೋದರು.

ಅವರು ಹೋದ ಮೇಲೆ ನೀಲಮ ಸಿಡಿದಳು. ಕ್ಷಮಿಸು ತಂಗಿ, ಹೇಳಲೇಬೇಕು. "ಪಪ್ಪಾ, ನಿಮ್ಮ ಮುಂದಿನವನ ಮುಖ ನೀವು ನೋಡಿಲ್ಲ. ನನ್ನ ಮುಖಾನರ ನೋಡ್ರಿ!" ಎಂದಳು. ಅಣ್ಣ ಅವಳ ಮುಖ ನೋಡಿದರು. ಆ ಮಾತಿಗೆ ಉತ್ತರ, ಪ್ರಾಸ ಹುಡುಕಿದರೆ ಸಿಗುವಂಥದ್ದಲ್ಲ. ವೈನಿ ಮಗಳನ್ನು ಒಳಗೆ ಕರೆದುಕೊಂಡು ಹೋದರು. "ನಿಮ್ಮ ಪಪ್ಪಾ ಹೇಳಿದ್ದ ಖರೇ ಐತಿ" ಎಂದು ಅವರು ಮಗಳಿಗೆ ಹೇಳಿದ್ದು ನನಗೆ ಕೇಳಿಸಿತು. ಹಾಗೆ ಹೇಳುವಾಗ ಅವರ ಧ್ವನಿ ಹೇಗಿತ್ತು ಎಂಬುದೂ ಕೇಳಿಸಿತು.

ಮರುದಿನ ಮಿರಜದ ದಾರಿಯಲ್ಲಿ ಬೈಕು ನಿಲ್ಲಿಸಿ ನಾನು ಜಗಳವನ್ನೇ ತೆಗೆದೆ. ನಾನು ಕ್ರಿಶ್ಚಿಯನ್ ಅಲ್ಲ, ನನ್ನ ದೇವರು ಬೇರೆ, ನಾನು ಅವನ ಹತ್ತಿರ ಹೋಗುವುದೂ ಏನಾದರೂ ಬೇಡುವುದಿದ್ದರೆ ಮಾತ್ರ. "ಅಣ್ಣ, ಸುಮ್ಮ ಕುಂತು ಕಾಯೂದಕ್ಕ ವಿಶ್ವಾಸ ಅಂತ ಹೆಸರಿಟ್ರ ಹೆಂಗ?" ಎಂದೆ.

"ಸುಮ್ಮ ಯಾರ ಕುಂತಾರೋ? ದಿನಾ ಸೂಜಿ ಚುಚ್ಚಿಸ್ಕೊಳ್ಳಾಕತ್ತೀನಿ, ಗುಳಿಗಿ ನುಂಗಾಕತ್ತೀನಿ, ನೀರು ಅಳದು ಕುಡ್ಯಾಕತ್ತೀನಿ. ಪಾಳಿ ದೂರ ಐತಂತ ಯಾರರ ಕಬ್ಬಿಗೆ ನೀರು ಬಿಡೂದು ಬಿಡ್ತಾರೇನು?"

"ನಿಮ್ಮ ನಂಬರ ಬರಲೇ ಇಲ್ಲಂದ್ರ?"

"ಬರ್ತೈತಿ ಅಂತ ನಾ ಎಂದೂ ನಂಬಿಲ್ಲ ಅಮೋಘಾ. ಬರಲಿಲ್ಲಂದ್ರೂ ದೇವರು ನನ್ನ ಮರತಿಲ್ಲ ಅಂತ ನಂಬೀನಿ. ಎರಡೂ ಬ್ಯಾರೆ ಬ್ಯಾರೆ. ಇಷ್ಟ ತಿಳ್ಕೊಳ್ಳಾಕ ನನಗ ಇಷ್ಟು ವರ್ಷ ಬೇಕಾತು. ಗಾಡಿ ತಗಿ, ಬಿಸಿಲು ಭಾಳ ಐತಿ."

ತೆಗೆದೆ. ಟ್ರ್ಯಾಕ್ಟರು ಅಡ್ಡ ಬಂತು. "ಹಾರ್ನ್ ಹೊಡಿಯೋ!" ಎಂದು ನನ್ನ ಬೆನ್ನಿಗೆ ಗುದ್ದಿದರು.

ಹೀಗೇ ಕಾದೆವು. ಸುಗ್ಗಿ ಮುಗಿಯಿತು, ಕಾದೆವು. ಮಳೆ ಬಂತು, ಹೋಯಿತು, ಕಾದೆವು. ಮತ್ತೆ ಹಂಗಾಮು ಸುರುವಾಯಿತು, ಗ್ಯಾಂಗುಗಳು ಬಂದು ಗುಡಿಸಲು ಹಾಕಿದವು, ಕಾದೆವು. ಫೋನು ಬಂದಾಗಲೆಲ್ಲ ವೈನಿ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದರು. ಯಾರದೋ ಕಬ್ಬಿನ ಫೋನು ಇರುತ್ತಿತ್ತು. ಕ್ರಿಸ್ಮಸ್ಸಿಗೆ ಅಣ್ಣ ಎಂದಿನಂತೆ ಆಫೀಸಿಗೆ ಡಬ್ಬಿ ತುಂಬ ಸಿಹಿ ಕರಚಿಕಾಯಿ ತಂದರು. ತಾವು ಒಂದೂ ತಿನ್ನುವಂತಿರಲಿಲ್ಲ. ನಾವು ತಿನ್ನುವುದನ್ನು ನೋಡುತ್ತ ಕುಳಿತರು. ಬಹಳ ದಣಿದಿದ್ದರು. ನಾವೆಲ್ಲ ದಣಿದಿದ್ದೆವು. ಕಾಯುವ ಕೆಲಸದಲ್ಲಿ ಎಷ್ಟು ದಣಿವಿದೆ ಎಂಬುದನ್ನು ಯಾರೂ ಮುಂಚೆ ಹೇಳುವುದಿಲ್ಲ. ಹೊಲ ಕಡಿದವನಿಗೆ ಸಂಜೆಗೆ ಕಡಿದ ಕಬ್ಬಾದರೂ ಕಣ್ಣಿಗೆ ಕಾಣುತ್ತದೆ. ಕಾದವನಿಗೆ ಏನೂ ಕಾಣುವುದಿಲ್ಲ.

ಆಮೇಲೆ ಜ್ವರ ಬಂತು, ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಆ ಶುಕ್ರವಾರ ಬಂತು.

ವೈನಿ, ಈಗ ನಿಮ್ಮ ಪ್ರಶ್ನೆಗೆ ಬಂದೆ.

ಚರ್ಚಿನಲ್ಲಿ ನೀವೆಲ್ಲ ಮೊಣಕಾಲೂರಿದ ಹೊತ್ತು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಅಣ್ಣನ ಮುಖ ಶಾಂತವಾಗಿತ್ತು. ನಾನು ಅವರ ಪಕ್ಕದಲ್ಲಿ ಕುಳಿತಿದ್ದೆ. ಅವರು ನನ್ನ ಕಡೆ ತಿರುಗಿ, ಸ್ಪಷ್ಟವಾದ ಧ್ವನಿಯಲ್ಲಿ ಹೇಳಿದರು — "ಅಮೋಘಾ, ಪಾಳಿ ಬಂದರೂ ಅವನ ಚಿತ್ತ, ಬಾರದಿದ್ದರೂ ಅವನ ಚಿತ್ತ, ನನ್ನ ಮುಖ ಅವನತ್ತ." ಇಷ್ಟು ಹೇಳಿ, ಕೈ ಮುಗಿದು, ನಸುನಕ್ಕು ಕಣ್ಣು ಮುಚ್ಚಿದರು.

ಇದು ಅವರ ಕೊನೆಯ ಮಾತು.

ಅಂಥ ವಿಶ್ವಾಸಿಯ ಜೊತೆ ಒಂದೇ ಮೇಜು ಹಂಚಿಕೊಂಡದ್ದು ನನ್ನ ಭಾಗ್ಯ. ಅವರ ಆತ್ಮಕ್ಕೆ ಶಾಂತಿ ಕೋರಿ, ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿರಿ. ಸ್ವಲ್ಪ ಹೊತ್ತು ಯಾರೂ ಮಾತನಾಡುವುದು ಬೇಡ. ಗ್ಯಾಂಗಿನವರೇ, ನೀವೂ ಏಳಿರಿ. ಜಿನ್ನಪ್ಪ ಕಾಕಾ, ಮೊಣಕಾಲು ನೋವಿದ್ದರೆ ಕೋಲು ಹಿಡಿದುಕೊಳ್ಳಿರಿ —

—

— ಇಲ್ಲ.

ಕೂಡಬೇಡಿರಿ, ನಿಂತೇ ಇರಿ. ಆದರೆ ಇಲ್ಲ. ಅವರು ಹಾಗೆ ಅನ್ನಲಿಲ್ಲ. ಅದನ್ನು ನಾನು ನಿನ್ನೆ ಮನೆಯಲ್ಲಿ ಕುಳಿತು ಬರೆದೆ. ಪ್ರಾಸ ಚೆನ್ನಾಗಿ ಕೂಡಿತು, ಇಟ್ಟುಕೊಂಡೆ. ಸಾಯುವವರು ಪ್ರಾಸದಲ್ಲಿ ಮಾತನಾಡುವುದಿಲ್ಲ ವೈನಿ. ನೀವು ನನ್ನನ್ನು ಹೀಗೆ ನೋಡುತ್ತಿರುವುದೂ ಅದಕ್ಕೇ. ನಿಮಗೆ ಗೊತ್ತಾಗಿಬಿಟ್ಟಿದೆ.

ಅವರು ನನ್ನ ಕೈ ಹಿಡಿದುಕೊಂಡಿದ್ದರು. ಬಿಗಿಯಾಗಿ. "ಭಾವುಸಾಹೇಬ್ರಿಗೆ ಫೋನ್ ಹಚ್ಚೋ ಅಮೋಘಾ" ಎಂದರು. "ನನ್ನ ನಂಬರ ಮುಂದ ತರಾಕ ಹೇಳೋಣ. ಇನ್ನ ಕಾಯಾಕ ಆಗವಲ್ದು."

ಹಚ್ಚಿದೆ. ಅಣ್ಣನ ಫೋನಿನಿಂದಲೇ. ಒಂದೇ ಸಲಕ್ಕೆ ಎತ್ತಿದಿರಿ. "ಬೋಲಾ, ಹೇಳು ಜ್ಞಾನದೇವ" ಎಂದಿರಿ ಸಾಹೇಬರೇ, ನಿಮಗೆ ನೆನಪಿದೆ. ನಾನು ಫೋನನ್ನು ಅಣ್ಣನ ಕಿವಿಗೆ ಹಿಡಿದೆ. ಅವರ ತುಟಿ ಅಲುಗಿದವು, ಮಾತು ಬರಲಿಲ್ಲ. ನೀವು ಆ ಕಡೆಯಿಂದ ಹಲೋ, ಹಲೋ ಎನ್ನುತ್ತಿದ್ದಿರಿ. ಆಮೇಲೆ ಅವರು ಹೇಳಿದರು — "ಸಾಹೇಬ್ರ, ನಿಮ್ಮ ಕಬ್ಬಿನ ಕಟಾವು ಮಂಗಳವಾರ ಐತ್ರಿ. ಗ್ಯಾಂಗಿನವರಿಗೆ ಕುಡಿಯೋ ನೀರಿಂದು ನೋಡ್ರಿ." ಅಷ್ಟೇ. ಫೋನು ಇಡಿಸಿದರು.

ಸಾಹೇಬರೇ, ಆ ಫೋನು ಕಬ್ಬಿಗಾಗಿ ಮಾಡಿದ್ದಲ್ಲ. ನಿಮಗೆ ಇವತ್ತಿನವರೆಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಅಣ್ಣ ಅತ್ತರು. ನಾನು, ಇದೇ ವಿಶ್ವಾಸ ಅಣ್ಣ, ನೀವು ಗಟ್ಟಿ ಇದ್ದೀರಿ ಎಂದು ಏನೋ ಸಮಾಧಾನ ಹೇಳಿದೆ. "ಹುಚ್ಚ, ವಿಶ್ವಾಸ ಅಲ್ಲೋ ಇದು" ಎಂದರು. "ಕೇಳಾಕ ನಾಚಿಕಿ ಬಂತು. ಭಾಳ ಅಂಜಿಕಿ ಆಗೇತೋ ಅಮೋಘಾ. ಸುಂದರಾಗ ಹೇಳಬ್ಯಾಡ, ಆಕಿ ನನ್ನ ನೋಡಿ ಧೈರ್ಯ ಹಿಡದಾಳ."

"ಮತ್ತೊಮ್ಮೆ ಹಚ್ಚಲೇನು? ನಾನ ಕೇಳತೀನಿ" ಎಂದೆ.

"ಸ್ವಲ್ಪ ತಡಿ" ಎಂದರು.

ಕಣ್ಣು ಮುಚ್ಚಿದರು. ತುಟಿ ಇನ್ನೂ ಆಡುತ್ತಿದ್ದವು. ಪ್ರಾರ್ಥನೆಯೋ, ನೋವೋ — ಬಗ್ಗಿ ಕೇಳುವ ಧೈರ್ಯ ನನಗಾಗಲಿಲ್ಲ. ಫೋನು ಕೈಯಲ್ಲೇ ಇತ್ತು. ಅವರು ತಡಿ ಎಂದರು, ನಾನು ತಡೆದೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಯಾರನ್ನು ಕೇಳಬೇಕೋ ನನಗೆ ಗೊತ್ತಿಲ್ಲ. ವಿಕ್ರಾಂತ ಅಯ್ಯನವರೇ, ನಿಮಗೆ ಗೊತ್ತಿದ್ದರೂ ಇವತ್ತು ಹೇಳಬೇಡಿರಿ.

ಹೇಳಬೇಡ ಎಂದು ಅವರು ಹೇಳಿದ್ದರು. ಇದ್ದದ್ದು ಹೇಳಿರಿ ಎಂದು ನೀವು ಕೇಳಿದಿರಿ. ನಡುವೆ ನಿಂತು ನಾನು ಸಾಕಾಗಿ ಹೋಗಿದ್ದೇನೆ.

ಅಂಜಿದ್ರು ವೈನಿ. ನಿಮ್ಮಷ್ಟ ಅಂಜಿದ್ರು.